ಆಳು ಕೊಟ್ಟು ಹೋಗು

ಹಿರಿಯೂರಿನಿಂದ ಹೊಸದುರ್ಗದ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಟ್ರಸ್ಟಿನವರು ನಡೆಸುತ್ತಿದ್ದ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು. ಅಲ್ಲಿ ಅಡುಗೆಯವರಿಗೆ ರಜೆ ಇಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ರಜೆ ಕೇಳಲು ಹೋದವರಿಗೆ ಮ್ಯಾನೇಜರ್ ಪರಮೇಶ್ವರಪ್ಪನವರು ಕನ್ನಡಕ ತೆಗೆದು, ಮೆತ್ತಗೆ, "ಹೋಗವ್ವ, ಬ್ಯಾಡ ಅಂದೋರ್ಯಾರು? ಆಳು ಕೊಟ್ಟು ಹೋಗು" ಎನ್ನುತ್ತಿದ್ದರು. ಮದುವೆಗೆ ಹೋಗುವವಳು ತಂಗಿಯನ್ನು ಬಿಟ್ಟು ಹೋಗಬೇಕು, ಜ್ವರ ಬಂದವಳು ಅತ್ತಿಗೆಯನ್ನು ಕಳಿಸಬೇಕು. ಮಕ್ಕಳು ಮೂರು ಹೊತ್ತು ಉಣ್ಣುವ ಜಾಗ, ಒಲೆ ಆರುವಂತಿಲ್ಲ. ಕೇಳಿದವರಿಗೆ ಮಾತು ನ್ಯಾಯವಾಗಿಯೇ ಕಾಣುತ್ತಿತ್ತು. ಅದಕ್ಕೇ ಯಾರೂ ಎದುರಾಡಿರಲಿಲ್ಲ.

ಗಂಗಕ್ಕ ಹಾಸ್ಟೆಲ್ ಶುರುವಾದಾಗಿನಿಂದ ಅಲ್ಲಿ ಅಡುಗೆ ಮಾಡುತ್ತಿದ್ದವಳು. ಆಳು ಕೊಡುವ ಪ್ರಸಂಗ ಅವಳಿಗೆ ಬಂದಿರಲೇ ಇಲ್ಲ. ಮಗ ಬಿದ್ದು ಕೈ ಮುರಿದುಕೊಂಡ ದಿನ ಕೂಡ ಅವನಿಗೆ ಕಟ್ಟು ಹಾಕಿಸಿ, ಸಂಜೆಯ ಮುದ್ದೆ ತೊಳಸುವ ಹೊತ್ತಿಗೆ ವಾಪಸು ಬಂದಿದ್ದಳು. ಹೀಗೆ ಮಾಡಿದ್ದನ್ನು ಯಾರೋ ಎಲ್ಲೋ ನೆನಪಿಟ್ಟುಕೊಂಡಿರುತ್ತಾರೆ ಎಂದು ಅವಳು ನಂಬಿದ್ದಳು. ಹಾಗೆ ನಂಬುವುದೇ ಒಂದು ಕಾಯಿಲೆ. ಅದಕ್ಕೆ ದುರ್ಗದ ದೊಡ್ಡಾಸ್ಪತ್ರೆಯಲ್ಲೂ ಔಷಧಿ ಇಲ್ಲ.

ಅವಳಿಗಿದ್ದ ಇನ್ನೊಂದು ಕಾಯಿಲೆಗೆ ಔಷಧಿ ಇತ್ತು. ತೊಂಬತ್ತೇಳರ ದೀಪಾವಳಿಯಿಂದ ಮುಟ್ಟು ನಿಲ್ಲದೆ ಹರಿಯುತ್ತಿತ್ತು. ಒಲೆಯ ಮುಂದೆ ಕುಳಿತವಳು ಏಳುವಾಗ ಗೋಡೆ ಹಿಡಿದುಕೊಳ್ಳುತ್ತಿದ್ದಳು. ಜೊತೆಯಲ್ಲಿ ಅಡುಗೆ ಮಾಡುವ ಏಕಾಂತಮ್ಮ ಬೈದು ಬೈದು ಆಸ್ಪತ್ರೆಗೆ ಕಳಿಸಿದಳು. ಡಾಕ್ಟರಮ್ಮ ನೋಡಿ, "ಗರ್ಭಕೋಶದಲ್ಲಿ ಗೆಡ್ಡೆ ಬೆಳೆದಿದೆ, ತೆಗೀಲೇಬೇಕು. ಆಮೇಲೆ ಮೂರು ತಿಂಗಳು ಒಂದು ಬಿಂದಿಗೆ ನೀರು ಕೂಡ ಎತ್ತಬಾರದು" ಎಂದರು.

"ನಾನು ಎತ್ತೋದು ಬಿಂದಿಗೆ ಅಲ್ಲವ್ವ, ಹಂಡೆ" ಎಂದಳು ಗಂಗಕ್ಕ. ಡಾಕ್ಟರಮ್ಮ ನಗಲಿಲ್ಲ.

ಆ ಸಂಜೆ ಮನೆಯಲ್ಲಿ ಹುರುಳಿಕಾಳಿನ ಸಾರು, ಮುದ್ದೆ. ಗಂಡ ಮಂಜಣ್ಣ ಶೇಂಗಾ ಮಿಲ್ಲಿನ ಕಾವಲಿಗೆ ಹೊರಡುವ ಮುಂಚೆ ಉಣ್ಣಲು ಕುಳಿತಿದ್ದ. ಅವನ ಪಕ್ಕದಲ್ಲಿ ಅವನಪ್ಪ ಕಾಟಲಿಂಗಪ್ಪ. ಮುದುಕ ಜವನಗೊಂಡನಹಳ್ಳಿ ಕಡೆಯ ಹಟ್ಟಿ ಬಿಟ್ಟು, ಕುರಿ ಮಾರಿ, ಮಗನ ಮನೆ ಸೇರಿ ಬಹಳ ಕಾಲವಾಗಿದ್ದರೂ ಹಟ್ಟಿಯ ದೇವರ ಪೂಜೆಯ ಸರದಿ ಬಂದಾಗ ಮಾತ್ರ ಬಸ್ಸು ಹತ್ತದೆ ಇರುತ್ತಿರಲಿಲ್ಲ. ಮಗ ಎರ್ರಿಸ್ವಾಮಿ ಹೆದ್ದಾರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಮಗಳು ದೀಪಾ ಸೆಕೆಂಡ್ ಪಿಯುಸಿ. ಪಾಸಾದರೆ ಟಿಸಿಎಚ್ ಮಾಡಿ ಮೇಡಂ ಆಗುವುದು ಎಂದು ಅವಳೂ ಮನೆಯವರೂ ಎಂದೋ ಒಪ್ಪಿಕೊಂಡಿದ್ದ ಮಾತು.

"ಆಳು ಯಾರನ್ನ ಕೊಡಾಣ?" ಮಂಜಣ್ಣ ಕೇಳಿದ.

"ಏಕಾಂತಮ್ಮನ ಅಕ್ಕನ ಮಗಳು ಆದಿವಾಲದಾಗೆ ಇದಾಳಂತೆ. ಗಂಡ ಬಿಟ್ಟೋಳು. ನನ್ನ ಸಂಬಳ ಅವಳಿಗೆ ಬಿಟ್ರೆ ಬರ್ತಾಳಂತೆ."

"ಗಂಡ ಬಿಟ್ಟೋಳು ಒಂದ್ ಕಿತ ಒಲೆ ಮುಂದೆ ಕುಂತ್ಲು ಅಂದ್ರೆ ಎಬ್ಸೋರ್ಯಾರಲೇ? ನೀನು ಎದ್ದು ಹೋಗೋ ಹೊತ್ತಿಗೆ ಜಾಗ ಅವಳದಾಗಿರ್ತೈತೆ."

"ಅದೇ ನಂಗೂ ಭಯ" ಎಂದಳು ಗಂಗಕ್ಕ.

ಕಾಟಲಿಂಗಪ್ಪ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಹೊರಗಿನೋರು ಯಾತಕ್ಕವ್ವ? ಸರದಿ ಅನ್ನೋದು ಮನೇದು, ಆಳಿಂದಲ್ಲ. ಆವತ್ತು ನಾನು ಚಳಿಜ್ವರ ಬಂದು ಮಲಗಿದ್ದಾಗ ಮಂಜ ಹೋಗಿ ದೇವರ ಪೂಜೆ ಮಾಡ್ದ. ನಾನು ಎದ್ದಮ್ಯಾಲೆ ಮತ್ತೆ ನಾನೇ ಹೋದೆ. ಅಣ್ಣತಮ್ಮಂದಿರು ಯಾರಾದ್ರೂ ಯಾಕೆ ಅಂದ್ರಾ? ಮನೆಯೋರೇ ಒಬ್ರು ನಿಂತ್ರೆ ಸರದಿ ಎಲ್ಲಿಗೂ ಹೋಗಕಿಲ್ಲ."

ಎಲ್ಲರ ಕಣ್ಣೂ ದೀಪಾಳ ಕಡೆ ತಿರುಗಿತು. ಆ ಮನೆಯಲ್ಲಿ ಇನ್ನೊಬ್ಬ ಹೆಂಗಸು ಅವಳೊಬ್ಬಳೇ.

"ನಂಗೆ ಉಗಾದಿ ಹತ್ರ ಪರೀಕ್ಷೆ ಐತೆ" ಎಂದಳು ದೀಪಾ.

"ಅಷ್ಟೊತ್ತಿಗೆ ನಿಮ್ಮವ್ವ ಎದ್ದಿರ್ತಾಳೆ ತಾಯಿ. ಸಂಕ್ರಾಂತಿ ಕಳೀತಿದ್ದಂಗೆ ಆಪರೇಷನ್. ಶಿವರಾತ್ರಿಗೆ ಎದ್ದು ಕುಂತ್ಕಂತಾಳೆ. ಆಮ್ಯಾಲೆ ಏಕಾಂತಮ್ಮ ಹಂಡೆ ಎತ್ತಿದ್ರೆ ಇವಳು ಒಗ್ಗರಣೆ ಹಾಕ್ಕಂಡಿರ್ತಾಳೆ" ಎಂದ ಮಂಜಣ್ಣ.

"ಡಾಕ್ಟ್ರು ಮೂರು ತಿಂಗಳು ಅಂದ್ರಲ್ಲ?"

"ಡಾಕ್ಟ್ರು ಎಲ್ಲರಿಗೂ ಹಂಗೇ ಅಂತಾರೆ."

ಎರ್ರಿಸ್ವಾಮಿ ತಟ್ಟೆ ಸರಿಸಿದ. "ಮೊದ್ಲು ಒಂದು ಅರ್ಜಿ ಕೊಡ್ರಿ. ಗ್ಯಾರೇಜಿಗೆ ಬರೋ ಬಸ್ ಕಂಡಕ್ಟ್ರನ್ನ ನೋಡೀನಿ, ಡಾಕ್ಟ್ರು ಚೀಟಿ ಜತೆಗಿಟ್ಟು ಅರ್ಜಿ ಕೊಡ್ತಾರೆ. ಸಂಬಳ ಸಮೇತ ರಜ ತಗಂತಾರೆ."

"ಅವ್ರು ಸರ್ಕಾರದೋರು ಕಣಲೇ" ಎಂದ ಮಂಜಣ್ಣ.

"ಸಂಬಳ ಬ್ಯಾಡ. ಜಾಗ ನಂದೇ, ರಜದ ಮ್ಯಾಲೆ ಹೋಗಿವ್ನಿ ಅಂತ ಬರ್ಕೊಡಕೆ ಸರ್ಕಾರ ಯಾಕೆ ಬೇಕು?"

ದೀಪಾ ತಟ್ಟೆ ತೊಳೆದು ಬಂದು, ಗೆರೆ ಹಾಳೆಯಲ್ಲಿ ತನ್ನ ದುಂಡು ಅಕ್ಷರದಲ್ಲಿ ಅರ್ಜಿ ಬರೆದಳು. ಗಂಗಕ್ಕ ಹೆಬ್ಬೆಟ್ಟಿನವಳಲ್ಲ, ಹೆಸರು ಬರೆಯಲು ಬರುತ್ತಿತ್ತು. ನಿಧಾನವಾಗಿ ಬರೆದಳು.

ಮಾರನೆಯ ಮಧ್ಯಾಹ್ನ ಅವಳು ಅರ್ಜಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಪರಮೇಶ್ವರಪ್ಪನವರಿಗೆ ಊಟ ತಗೊಂಡು ಆಫೀಸು ಕೋಣೆಗೆ ಹೋದಳು. ಅವರು ಬರುವ ದಿನ ಏನಾದರೊಂದು ಹೆಚ್ಚಿಗೆ ಮಾಡುವುದು ಅವಳ ರೂಢಿ. ಅಂದು ಹುಚ್ಚೆಳ್ಳು ಚಟ್ನಿ ಅರೆದಿದ್ದಳು.

"ನಿನ್ನ ಕೈ ಚಟ್ನಿ ನಮ್ಮನೆಯಾಕೆಗೂ ಬರಲ್ಲ ಗಂಗಕ್ಕ" ಎಂದರು ಅವರು.

ಆಗಲೇ ಕೊಡಬೇಕಿತ್ತು. ಸೊಂಟದ ಮೇಲೆ ಕೈ ಇಟ್ಟವಳು ಹಾಗೇ ನಿಂತಳು. ಇಷ್ಟು ವರ್ಷ ಕೈಯಾರೆ ಇಕ್ಕಿದವರ ಮುಂದೆ, ಅವರು ತುತ್ತು ಬಾಯಿಗಿಡುವಾಗ ಕಾಗದ ಚಾಚುವುದೆಂದರೆ ವ್ಯಾಜ್ಯಕ್ಕೆ ಬಂದಂತೆ ಎನಿಸಿತು. ನಂಬಿಕೆ ಇಲ್ಲದವರು ಕಾಗದ ಕೊಡುತ್ತಾರೆ; ಬೇಕಾದವರಿಗೆ ಬಾಯಿಮಾತು ಸಾಲದೆ?

"ಸಾರ್, ನಂಗೆ ಆಪರೇಷನ್ ಅಂತೆ. ಸ್ವಲ್ಪ ದಿನ ರಜ ಬೇಕಿತ್ತು."

"ಅಯ್ಯೋ ಪಾಪ. ಹೋಗಿ ಮಾಡಿಸ್ಕೊ. ಆಳು?"

"ಮಗಳು ಬರ್ತಾಳೆ."

"ಮಗಳೇ ಬಂದ್ರೆ ಇನ್ನೇನು? ನಂಗೂ ನಿಶ್ಚಿಂತೆ."

"ನಾನು ಬರೋ ತನಕ ಸಾರ್. ನನ್ನ ಜಾಗಕ್ಕೆ ಏನೂ ಆಗಲ್ಲ ತಾನೇ?"

"ನಿನ್ನ ಜಾಗ ಯಾರು ಕಿತ್ಕೊಂತಾರೆ? ಇನ್ನೊಂಚೂರು ಚಟ್ನಿ ಹಾಕು."

ಸೊಂಟದಲ್ಲಿದ್ದ ಅರ್ಜಿ ಬೆವರಿಗೆ ನೆನೆದು ಅಕ್ಷರ ಕಲಸಿಹೋಗಿತ್ತು. ಅವಳು ಅದನ್ನು ಸಂಜೆಯ ಒಲೆಗೆ ಹಾಕಿದಳು. ಮನೆಯಲ್ಲಿ ಎರ್ರಿಸ್ವಾಮಿ "ಕೊಟ್ಯೇನವ್ವ?" ಎಂದು ಕೇಳಿದಾಗ, "ಬಾಯಾಗೆ ಹೇಳ್ದೆ. ಒಪ್ಪಿದ್ರು" ಎಂದಳು. ಅವನು ಅಂದು ಉಣ್ಣದೆ ಎದ್ದು ಹೋದ. ಅವನ ಸಿಟ್ಟು ಮನೆಯವರಿಗೆ ಹೊಸದಲ್ಲ, ಯಾರೂ ಅದನ್ನು ಲೆಕ್ಕಕ್ಕಿಡಲಿಲ್ಲ. ಆ ಮನೆಯಲ್ಲಿ ಆ ವರ್ಷ ಸರಿಯಾದ ಮಾತು ಆಡಿದವನು ಅವನೊಬ್ಬನೇ ಎಂದು ಈಗ ಹೇಳಬಹುದು.

ದೀಪಾ ಬೆಳಗಿನ ಜಾವ ಎದ್ದು ಹಾಸ್ಟೆಲ್ಲಿಗೆ ಹೋಗತೊಡಗಿದಳು. ಮೊದಲ ವಾರ ಅಂಗೈಯಲ್ಲಿ ಬೊಬ್ಬೆ ಎದ್ದವು. ಅಷ್ಟು ಮಕ್ಕಳ ಮುದ್ದೆ ತೊಳಸುವುದು ತೋಳಿನ ಕೆಲಸವಲ್ಲ, ಸೊಂಟದ ಕೆಲಸ ಎಂದು ಏಕಾಂತಮ್ಮ ಕಾಲು ಅಗಲಿಸಿ ನಿಲ್ಲುವುದನ್ನು ಕಲಿಸಿದಳು. ಅಕ್ಕಿ ಬೇಯುವ ತನಕ ದೀಪಾ ರಾಜ್ಯಶಾಸ್ತ್ರದ ಪುಸ್ತಕ ಮಡಿಲಲ್ಲಿಟ್ಟುಕೊಂಡು ಓದುತ್ತಿದ್ದಳು. ಪುಟಗಳಿಗೆ ಅರಿಶಿನ ಅಂಟಿಕೊಳ್ಳುತ್ತಿತ್ತು. ಹಾಸ್ಟೆಲ್ಲಿನ ಹುಡುಗಿಯರು ಅವಳನ್ನು ಮೂರೇ ದಿನಕ್ಕೆ 'ದೀಪಕ್ಕ' ಎಂದು ಕರೆಯತೊಡಗಿದರು, ಲೆಕ್ಕ ಬಿಡಿಸಿಕೊಳ್ಳಲು ಅಡುಗೆಮನೆಗೇ ಬರತೊಡಗಿದರು. ಅದು ಅವಳಿಗೆ ಇಷ್ಟವಾಯಿತು. ಆಗಲೇ ಮೇಡಂ ಆದಂತೆ ಇರುತ್ತಿತ್ತು.

ಸಂಕ್ರಾಂತಿ ಕಳೆದರೂ ಆಪರೇಷನ್ ಆಗಲಿಲ್ಲ. ದುರ್ಗದಲ್ಲಿ ರಕ್ತ ಪರೀಕ್ಷೆ ಮಾಡಿ, "ಮೈಯಲ್ಲಿ ರಕ್ತವೇ ಇಲ್ಲ, ಮಾತ್ರೆ ತಗೊಂಡು ಮುಂದಿನ ತಿಂಗಳು ಬನ್ನಿ" ಎಂದರು. ಮುಂದಿನ ತಿಂಗಳು ಹೋದರೆ ರಕ್ತ ಕೊಡುವವರನ್ನು ಕರೆತನ್ನಿ ಎಂದರು. ಮಂಜಣ್ಣ ಸೂಜಿ ಕಂಡರೆ ಬೆವರುವವನು. "ನಂಗೆ ಬಿಪಿ ಐತೆ" ಎಂದ.

"ಯಾವಾಗಿಂದ?" ಎಂದ ಎರ್ರಿಸ್ವಾಮಿ.

"ಈಗಿಂದ."

ಎರ್ರಿಸ್ವಾಮಿ ತಾನೇ ರಕ್ತ ಕೊಟ್ಟ, ಗ್ಯಾರೇಜಿನ ಗೆಳೆಯನೊಬ್ಬನಿಂದಲೂ ಕೊಡಿಸಿದ. ಮಂಜಣ್ಣ ಹೆಂಡತಿಯ ಜೊತೆ ಆಸ್ಪತ್ರೆಯಲ್ಲಿರಬೇಕೆಂದು ಮಿಲ್ಲಿನಲ್ಲಿ ರಜೆ ಕೇಳಿದಾಗ ಅಲ್ಲೂ ಅದೇ ಮಾತು ಬಂತು, ಗೇಟು ಖಾಲಿ ಬಿಡುವಂತಿಲ್ಲ. ಕಾಟಲಿಂಗಪ್ಪ ಕಂಬಳಿ ಹೊದ್ದು, ಕುರಿ ಕಾಯುವ ಕೋಲನ್ನೇ ಹಿಡಿದು ಮಿಲ್ಲಿನ ಗೇಟಿನಲ್ಲಿ ಕುಳಿತ. ಹಗಲಲ್ಲಿ ಅವನೇ ಮನೆಯ ಒಲೆ ಹಚ್ಚಿದ. ಮುದ್ದೆಯಲ್ಲಿ ಹಿಟ್ಟಿನ ಗಂಟು ಉಳಿಯುತ್ತಿತ್ತು. "ದೇವರಿಗಿಟ್ರೆ ದೇವ್ರು ಉಣ್ತಿದ್ದ, ನೀವು ಮುಖ ಸಿಂಡರಿಸ್ತೀರಿ" ಎಂದು ಮೊಮ್ಮಕ್ಕಳಿಗೆ ಬೈದ. ಹೀಗೆ ಆ ಮನೆಯಲ್ಲಿ ಒಬ್ಬಳ ಕಾಯಿಲೆಗೆ ಎಲ್ಲರೂ ಇನ್ನೊಬ್ಬರ ಜಾಗದಲ್ಲಿ ನಿಂತಿದ್ದರು.

ಶಿವರಾತ್ರಿಯ ಹೊತ್ತಿಗೆ ಆಪರೇಷನ್ ಆಯಿತು. ಗಂಗಕ್ಕ ಮನೆಗೆ ಬಂದಾಗ ಮುಖ ಬೆಳ್ಳಗಾಗಿತ್ತು. ಗೋಡೆ ಹಿಡಿದು ಬಚ್ಚಲಿಗೆ ಹೋಗುವುದೇ ದೊಡ್ಡ ಪ್ರಯಾಣ. ಉಗಾದಿ ಕಣ್ಣ ಮುಂದೆ ಇತ್ತು.

ದೀಪಾ ಹಾಲ್‌ಟಿಕೆಟ್ ತೋರಿಸಿ ಪರಮೇಶ್ವರಪ್ಪನವರ ಹತ್ತಿರ ಕೇಳಿದಳು. "ಸಾರ್, ಪರೀಕ್ಷೆ ಇರೋ ದಿನ ಬೆಳಿಗ್ಗೆ ತಿಂಡಿ ಮಾಡಿಟ್ಟು ಹೋಗ್ತೀನಿ. ಮಧ್ಯಾಹ್ನದ ಊಟಕ್ಕೆ ಮಾತ್ರ ಇರಲ್ಲ."

"ಬರೀಬೇಕಮ್ಮ, ಬರೀದಿದ್ರೆ ಹೆಂಗೆ? ನನ್ನ ಮಗಳೂ ಬರೀತಿದಾಳೆ. ಆಳು ಕೊಟ್ಟು ಹೋಗು."

ಪರಮೇಶ್ವರಪ್ಪನವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು.

ಮಂಜಣ್ಣ ಒಗೆದ ಪಂಚೆ ಉಟ್ಟು ತಾನೇ ಹಾಸ್ಟೆಲ್ಲಿನ ಗೇಟಿಗೆ ಹೋಗಿ ನಿಂತ. "ನಾನು ಸೌದೆ ಹಾಕ್ತೀನಿ ಸಾರ್, ನೀರು ಹೊರ್ತೀನಿ, ಏಕಾಂತಮ್ಮ ಹೇಳ್ದಂಗೆ ಮಾಡ್ತೀನಿ" ಎಂದ. "ಹೆಣ್ಣುಮಕ್ಕಳ ಹಾಸ್ಟೆಲ್ ಕಣಪ್ಪ, ಗಂಡಸ್ರನ್ನ ಒಳಗೆ ಬಿಟ್ರೆ ನನ್ನ ಕೆಲಸ ಹೋಗ್ತೈತೆ" ಎಂದರು ಅವರು. ಅದೂ ನ್ಯಾಯದ ಮಾತೇ. ಮಂಜಣ್ಣ ಅಲ್ಲಿಂದಲೇ ಬಸ್ಸು ಹಿಡಿದು ಆದಿವಾಲಕ್ಕೆ ಹೋದ. ಏಕಾಂತಮ್ಮನ ಅಕ್ಕನ ಮಗಳು ಗಾರೆ ಕೆಲಸದವರ ಜೊತೆ ಊರು ಬಿಟ್ಟು ಹೋಗಿ ಆಗಲೇ ತಿಂಗಳಾಗಿತ್ತು.

ಮೊದಲ ದಿನ ಕನ್ನಡ ಪತ್ರಿಕೆ. "ನೀನು ಹೋಗಿ ಬರೆದು ಬಾ, ನಾನು ಎಂಗೋ ನೋಡ್ಕಂತೀನಿ" ಎಂದಳು ಏಕಾಂತಮ್ಮ. ಅವಳಿಗೂ ಐವತ್ತು ದಾಟಿತ್ತು. ಒಬ್ಬಳೇ ಅನ್ನದ ಹಂಡೆ ಇಳಿಸಲಾಗದೆ, ತಳ ಹತ್ತಿ, ಮಕ್ಕಳು ಅರೆಹೊಟ್ಟೆಯಲ್ಲಿ ಸ್ಕೂಲಿಗೆ ವಾಪಸು ಹೋದರು. ಪರಮೇಶ್ವರಪ್ಪನವರು ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿಂಗೂ ಆಗಲ್ಲ ಅಂದ್ರೆ ಹೇಳ್ಬಿಡು ಏಕಾಂತಮ್ಮ" ಎಂದರು. ಮತ್ತೆ ಏಕಾಂತಮ್ಮ ದೀಪಾಗೆ 'ಹೋಗಿ ಬರೆದು ಬಾ' ಎನ್ನಲಿಲ್ಲ.

ಎರಡನೆಯ ಪತ್ರಿಕೆಯ ಬೆಳಿಗ್ಗೆ ದೀಪಾ ಏಳುವ ಹೊತ್ತಿಗೆ ಗಂಗಕ್ಕ ತಲೆ ಬಾಚಿ, ಹಳೇ ಪಂಚೆಯನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದಳು.

"ಎಲ್ಲಿಗವ್ವ?"

"ನನ್ನ ಕೆಲಸಕ್ಕೆ. ನೀನು ಪರೀಕ್ಷೆಗೆ ಹೋಗು."

"ಹೊಲಿಗೆ ಬಿಟ್ಕಂಡ್ರೆ?"

"ಬಿಟ್ಕಂಡ್ರೆ ಇನ್ನೊಂದ್ ಕಿತ ಹೊಲೀತಾರೆ."

ದೀಪಾ ಬಾಗಿಲಿಗೆ ಅಡ್ಡ ನಿಂತಳು. "ನೀನು ಹೊಸಿಲು ದಾಟಿದ್ರೆ ನಾನು ಪರೀಕ್ಷೆಗೂ ಹೋಗಲ್ಲ, ಹಾಸ್ಟೆಲ್ಲಿಗೂ ಹೋಗಲ್ಲ."

"ಮೇಡಂ ಆಗಬೇಕು ಅಂತಿದ್ದಲ್ಲೇ."

"ನಿನ್ನ ಸಾಯ್ಸಿ ಮೇಡಂ ಆಗ್ಲಾ?"

ಮಂಜಣ್ಣ ಆಗತಾನೆ ಕಾವಲು ಮುಗಿಸಿ ಬಂದಿದ್ದ. ಇಬ್ಬರನ್ನೂ ನೋಡಿದ. ಏನಾದರೂ ಹೇಳುತ್ತಾನೆಂದು ಇಬ್ಬರೂ ಕಾದರು. ಅವನು ಚೊಂಬಿನಲ್ಲಿ ನೀರು ತಗೊಂಡು ಕಾಲು ತೊಳೆಯಲು ಹೋದ. ದೀಪಾ ಹಾಲ್‌ಟಿಕೆಟ್ಟನ್ನು ಟ್ರಂಕಿನಲ್ಲಿಟ್ಟು ಹಾಸ್ಟೆಲ್ಲಿಗೆ ಹೋದಳು. ಅಂದು ಮಕ್ಕಳಿಗೆ ಚಿತ್ರಾನ್ನ. ಉಳಿದ ಪತ್ರಿಕೆಗಳ ದಿನ ಯಾರೂ ಮಾತೆತ್ತಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದರಾಯಿತು ಎಂದು ಪ್ರತಿಯೊಬ್ಬರೂ ಒಂದೊಂದು ಸಲ ಹೇಳಿದರು.

ಬೇಸಿಗೆಯಲ್ಲಿ ಹಾಸ್ಟೆಲ್ ಮುಚ್ಚಿತ್ತು. ಗಂಗಕ್ಕ ಚೇತರಿಸಿಕೊಂಡಳು. ನೀರು ಸೇದಬೇಡ ಎಂದರೂ ಕದ್ದು ಸೇದಿ ನೋಡಿದಳು; ನೋಯಲಿಲ್ಲ, ಅಥವಾ ನೋಯಲಿಲ್ಲ ಎಂದು ಹೇಳಿಕೊಂಡಳು. ಜೂನಿನಲ್ಲಿ ಹಾಸ್ಟೆಲ್ ತೆಗೆದ ದಿನ ತಾಯಿ ಮಗಳು ಇಬ್ಬರೂ ಹೋದರು. ಮಗಳು ಒಲೆಯನ್ನು ಒಪ್ಪಿಸಿ ಬರುವುದು, ತಾಯಿ ಉಳಿಯುವುದು. ದಾರಿಯಲ್ಲಿ ಗಂಗಕ್ಕ ಎಲೆ ಅಡಿಕೆ, ಬಾಳೆಹಣ್ಣು ತಗೊಂಡಿದ್ದಳು.

ಪರಮೇಶ್ವರಪ್ಪನವರು ಬಾಳೆಹಣ್ಣು ತಗೊಂಡು, ಕುರ್ಚಿ ತೋರಿಸಿ, "ಕುಂತ್ಕ ಗಂಗಕ್ಕ" ಎಂದರು. ಅಷ್ಟು ವರ್ಷದಲ್ಲಿ ಅವಳಿಗೆ ಕುರ್ಚಿ ತೋರಿಸಿದ್ದು ಅದೇ ಮೊದಲು. ಅವಳು ಅಂಚಿನಲ್ಲಿ ಕುಳಿತಳು.

"ಮಾರ್ಚಿನಾಗೆ ಟ್ರಸ್ಟಿನೋರು ಬಂದಿದ್ರು. ಯಾರು ಕೆಲಸ ಮಾಡ್ತಾ ಇದಾರೋ ಅವರ ಹೆಸರೇ ಹಾಜರಿ ಪುಸ್ತಕದಾಗೆ ಇರ್ಬೇಕು ಅಂದ್ರು. ದೀಪಾ ಅಂತ ಬರೆದಾಗೈತೆ."

"ನಾನು ರಜದಾಗಿದ್ದೆ ಸಾರ್. ಬಿಟ್ಟಿರ್ಲಿಲ್ಲ."

"ರಜ ಅಂತ ಯಾವಾಗ ಕೇಳಿದ್ದೆ?"

"ನೀವು ಊಟಕ್ಕೆ ಕುಂತಿದ್ರಿ. ಹುಚ್ಚೆಳ್ಳು ಚಟ್ನಿ ಮಾಡಿದ್ದೆ."

ಅವರು ನೆನಪಿಸಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು. "ಚಟ್ನಿ ನೆನಪೈತೆ" ಎಂದರು. "ನೋಡು, ಈಗೇನಾತು? ಜಾಗ ಬೇರೆ ಯಾರಿಗೂ ಹೋಗಿಲ್ವಲ್ಲ, ನಿಮ್ಮ ಮನೇಲೇ ಐತೆ."

"ನಾನು ಬಿಟ್ಬಿಡ್ತೀನಿ ಸಾರ್, ಅವ್ವನ್ನೇ ತಗಳ್ರಿ" ಎಂದಳು ದೀಪಾ.

"ನೀನು ಬಿಟ್ರೆ ಖಾಲಿ ಅಂತ ತಿಳಿಸ್ಬೇಕಾಗ್ತದೆ ಮಗಳೇ. ಖಾಲಿ ಆತು ಅಂದ್ರೆ ಟ್ರಸ್ಟಿನೋರ ಕಡೆಯೋರು ನಾಕು ಜನ ಕಾಯ್ತಾ ಇದಾರೆ. ಹೊಟ್ಟೆ ಕೊಯ್ಸಿಕೊಂಡೋಳನ್ನ ತಗಳ್ರಿ ಅಂತ ನಾನು ಯಾವ ಬಾಯಲ್ಲಿ ಹೇಳ್ಲಿ?"

ಆದಿವಾಲದವಳು ಬಂದು ಜಾಗ ಹಿಡಿದಿದ್ದರೆ ಗಂಗಕ್ಕ ಹಾಸ್ಟೆಲ್ಲಿನ ಗೇಟಿನಲ್ಲಿ ಕುಳಿತು ಬೀದಿಯ ಜನರನ್ನೆಲ್ಲ ಸೇರಿಸುತ್ತಿದ್ದಳು. ಅವಳ ಬಾಯಿ ಸಾಮಾನ್ಯದ್ದಲ್ಲ. ಆದರೆ ಹೊಟ್ಟೆಯ ಮಗಳ ಮೇಲೆ ಯಾರ ಹತ್ತಿರ ಜಗಳಕ್ಕೆ ಹೋಗುವುದು? ಅವಳು ಎದ್ದು, ಅಡುಗೆಮನೆಗೆ ಹೋಗಿ ಏಕಾಂತಮ್ಮನನ್ನು ಮಾತಾಡಿಸಿ, ಒಬ್ಬಳೇ ಮನೆಗೆ ಬಂದಳು. ದೀಪಾ ಅಲ್ಲೇ ಉಳಿದಳು. ಮಧ್ಯಾಹ್ನದ ಅಕ್ಕಿ ಆರಿಸಬೇಕಿತ್ತು.

ಸಂಜೆ ಎಲ್ಲರೂ ಉಣ್ಣಲು ಕುಳಿತರು. ಬಹಳ ದಿನದ ಮೇಲೆ ಗಂಗಕ್ಕನೇ ಮುದ್ದೆ ಕಟ್ಟಿದ್ದಳು.

"ಮನೇಲೇ ಉಳೀತಲ್ಲ, ಬಿಡವ್ವ" ಎಂದ ಕಾಟಲಿಂಗಪ್ಪ, ಸೊಸೆಯ ಮುಖ ನೋಡದೆ.

"ತಾತ, ನಿನ್ನ ದೇವರು ಬ್ಯಾರೆ, ಆ ಹಾಸ್ಟೆಲ್ ಬ್ಯಾರೆ" ಎಂದ ಎರ್ರಿಸ್ವಾಮಿ. "ಆ ಕಾಗದ ಎಲ್ಲವ್ವ? ದೀಪಾ ಬರೆದಿದ್ದು?"

"ಒಲೆಗೆ ಹಾಕ್ದೆ."

"ಒಲೆಗೆ ಹಾಕಿದ್ದು ಕಾಗದ ಅಲ್ಲ, ಇವಳನ್ನ."

"ಲೇ, ಬಾಯಿ ಮುಚ್ಚು" ಎಂದ ಮಂಜಣ್ಣ. "ನೀನು ಒಂದು ಮದುವೆ ಆಗಿದ್ರೆ ಮನೇಗೆ ಇನ್ನೊಂದು ಹೆಣ್ಣಾಳು ಇರ್ತಿತ್ತು."

"ಒಲೆಗೆ ಹಾಕಾಕೆ ಇನ್ನೊಬ್ಬಳನ್ನ ತರ್ಲಾ?"

"ಸಾಕು ನಿಲ್ಸ್ರಿ" ಎಂದಳು ದೀಪಾ. "ಅವ್ವ ಒಂದಷ್ಟು ದಿನ ಮನೇಲಿರ್ಲಿ. ನಾನು ಅಕ್ಟೋಬರಾಗೆ ಕಟ್ತೀನಿ. ಸಾರು ಇಕ್ಕವ್ವ."

ಗಂಗಕ್ಕ ಸಾರು ಇಕ್ಕಿದಳು. ಬೆಳಗಿನ ಜಾವ ಏಳಬೇಕಿಲ್ಲ, ಹಂಡೆ ಎತ್ತಬೇಕಿಲ್ಲ ಎಂದು ಅವಳ ಮೈ ಒಳಗೊಳಗೇ ಹಗುರಾಗಿತ್ತು. ಅದು ಅವಳಿಗೇ ಗೊತ್ತಾಯಿತು. ಆ ಹಗುರಕ್ಕೆ ಅವಳು ತನ್ನನ್ನು ತಾನು ಎಂದೂ ಕ್ಷಮಿಸಲಿಲ್ಲ.

ಅಕ್ಟೋಬರಿನ ಪರೀಕ್ಷೆಗೂ ಆಳು ಬೇಕಿತ್ತು. ದೀಪಾ ಕೇಳಲು ಹೋಗಲಿಲ್ಲ. ಮಂಜಣ್ಣ ಒಮ್ಮೆ, "ಪರೀಕ್ಷೆಗೆ ಅರ್ಜಿ ಹಾಕಿದ್ಯೇನವ್ವ?" ಎಂದಾಗ, "ಬರೋ ವರ್ಷ ನೋಡಾಣ ಬಿಡಪ್ಪ" ಎಂದಳು. ಅವಳ ತೋಳು ಗಟ್ಟಿಯಾಗಿತ್ತು. ಮಾತು ಕಡಿಮೆಯಾಗಿತ್ತು. ರಾಜ್ಯಶಾಸ್ತ್ರದ ಪುಸ್ತಕ ಮನೆಯ ಸಜ್ಜೆಯ ಮೇಲಿತ್ತು. ಹುಡುಗಿಯರು ಲೆಕ್ಕ ಕೇಳಲು ಬಂದರೆ, "ನಿಮ್ ಮೇಡಮ್ಮನ್ನ ಕೇಳ್ರಿ ಹೋಗ್ರಿ, ಒಲೆ ಹತ್ರ ಬರಬ್ಯಾಡ್ರಿ" ಎನ್ನುತ್ತಿದ್ದಳು.

ಆ ವರ್ಷದ ಕೊನೆಗೆ ಅವಳಿಗೆ ಜ್ವರ ಬಂತು. ಬಿಟ್ಟು ಬಿಟ್ಟು ಬರುತ್ತಿದ್ದ ಜ್ವರ ಹೊತ್ತುಕೊಂಡೇ ಹಾಸ್ಟೆಲ್ಲಿಗೆ ಹೋದಳು. ಒಂದು ದಿನ ಮುದ್ದೆ ಕೋಲು ಹಿಡಿದಲ್ಲೇ ಕುಸಿದಳು. ಟೈಫಾಯ್ಡ್ ಎಂದರು ಡಾಕ್ಟರು. ವಿಷಮಕ್ಕೆ ತಿರುಗಿದೆ, ಹಾಸಿಗೆ ಬಿಟ್ಟು ಏಳಕೂಡದು. ಅವಳನ್ನು ಆಟೋದಲ್ಲಿ ಮನೆಗೆ ತಂದ ಏಕಾಂತಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಬಾಗಿಲಲ್ಲೇ ನಿಂತಳು. ಅವಳು ಹೇಳಲು ಬಂದ ಮಾತು ಎಲ್ಲರಿಗೂ ಗೊತ್ತಿತ್ತು.

"ಸಾರ್ ಏನಂದ್ರು?" ಗಂಗಕ್ಕನೇ ಕೇಳಿದಳು.

"ಇನ್ನೇನಂತಾರೆ. ಹುಷಾರಾಗೋ ತನಕ ಮಲಗಿರ್ಲಿ, ಪಾಪ. ಆಳು ಕಳ್ಸಿ ಅಂದ್ರು."

ಎರ್ರಿಸ್ವಾಮಿ, "ಅವ್ವ, ಬ್ಯಾಡ. ಆ ಜಾಗ ಹಾಳಾಗಿ ಹೋಗ್ಲಿ" ಎಂದ.

"ಹಾಳಾಗಿ ಹೋದ್ರೆ ಇವಳು ಕಳ್ಕಂಡಿದ್ದು ಯಾತಕ್ಕಲೇ?" ಎಂದಳು ಗಂಗಕ್ಕ.

ಮಾರನೆಯ ಬೆಳಿಗ್ಗೆ ಅವಳು ಹಳೇ ಪಂಚೆಯನ್ನು ಹೊಟ್ಟೆಗೆ ಸುತ್ತಿ ಗಂಟು ಹಾಕಿಕೊಂಡಳು. ಈ ಸಲ ಬಾಗಿಲಿಗೆ ಅಡ್ಡ ನಿಲ್ಲುವವರಿರಲಿಲ್ಲ. ಹಾಸ್ಟೆಲ್ಲಿನಲ್ಲಿ ಹೊಸದಾಗಿ ಸೇರಿದ ಮಕ್ಕಳೇ ಹೆಚ್ಚಿದ್ದರು. ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ಹುಡುಗಿಯೊಬ್ಬಳು ಅವಳ ಮುಖ ನೋಡಿ, "ದೀಪಕ್ಕ ಬರ್ಲಿಲ್ವಾ? ನೀವ್ಯಾರು?" ಎಂದಳು.

"ಬದಲಿಗೆ ಬಂದೀನಿ ಕಣವ್ವ" ಎಂದಳು ಗಂಗಕ್ಕ. ಆ ಒಲೆಗೆ ಮೊದಲ ಸಲ ಬೆಂಕಿ ಹಚ್ಚಿದವಳು ಅವಳೇ ಎಂಬುದು ಅಲ್ಲಿ ಏಕಾಂತಮ್ಮನಿಗೆ ಮಾತ್ರ ಗೊತ್ತಿತ್ತು. ಅವಳು ತಲೆ ಬಗ್ಗಿಸಿ ಸಾರು ಕಲಕುತ್ತಿದ್ದಳು. ಇಬ್ಬರೂ ಸೇರಿ ಅನ್ನದ ಹಂಡೆ ಇಳಿಸುವಾಗ ಗಂಗಕ್ಕನ ಹೊಟ್ಟೆಯೊಳಗೆ ಏನೋ ಜಗ್ಗಿದಂತಾಯಿತು.

ಮಧ್ಯಾಹ್ನದ ಊಟ ಮುಗಿಸಿ ಸಂಜೆ ಅಡುಗೆಗೆ ಮುಂಚೆ ಅವಳು ಮಗಳಿಗೆ ಗಂಜಿ ಕುಡಿಸಲು ಮನೆಗೆ ಓಡಿಬಂದಳು. ದೀಪಾಳ ತುಟಿ ಒಣಗಿ ಬಿರುಕು ಬಿಟ್ಟಿತ್ತು. ಕೂದಲು ಉದುರಿ ದಿಂಬಿಗೆ ಅಂಟಿತ್ತು. ನಾಕು ಚಮಚ ಕುಡಿದು ಸಾಕೆಂದು ಕೈ ಅಡ್ಡ ಹಿಡಿದಳು.

"ಪರಮೇಶ್ವರಪ್ಪ ಸಾರ್ ಬಂದಿದ್ರಾ?"

"ಬಂದಿದ್ರು."

"ಏನಂದ್ರು?"

"ಬಾ ಗಂಗಕ್ಕ ಅಂದ್ರು. ಕೈಯ ರುಚಿ ಹಂಗೇ ಐತೆ ಅಂದ್ರು."

ದೀಪಾ ತಾಯಿಯ ಮಣಿಕಟ್ಟು ಹಿಡಿದಳು. ಜ್ವರದ ಕೈ ಸುಡುತ್ತಿತ್ತು.

"ಅವ್ವ, ನಾನು ಎದ್ದಮ್ಯಾಲೆ ಜಾಗ ನಂಗೇ ಬಿಡ್ತೀಯ ತಾನೇ?"

ಗಂಗಕ್ಕ ಬಟ್ಟಲು ಕೆಳಗಿಟ್ಟಳು. ಮೇಡಂ ಆಗಬೇಕೆಂದಿದ್ದ ಹುಡುಗಿಯ ಕಣ್ಣಲ್ಲಿ ಇದ್ದದ್ದು ಬರೀ ಹೆದರಿಕೆ, ಮತ್ತು ಅವಳು ಹೆದರಿದ್ದು ತನ್ನ ತಾಯಿಗೇ.

"ನಿಂದೇ ಕಣವ್ವ" ಎಂದಳು. "ನಾನು ಬದಲಿ ಅಷ್ಟೆ."

ಹೊರಗೆ ಕಾಟಲಿಂಗಪ್ಪ ಹೊತ್ತು ನೋಡಿ, "ಮುದ್ದೆಗೆ ತಡ ಆತು, ಹೋಗವ್ವ" ಎಂದು ಕೂಗಿದ. ಅವಳು ಮಗಳಿಗೆ ಕಂಬಳಿ ಹೊದಿಸಿ, ಹೊಟ್ಟೆಯ ಗಂಟನ್ನು ಇನ್ನಷ್ಟು ಬಿಗಿದುಕೊಂಡು ಹಾಸ್ಟೆಲ್ಲಿನ ಕಡೆ ನಡೆದಳು.